ತೆರೆದ ಗಣಿ: ಕೀನ್ಯಾದಲ್ಲಿ ಪರಿಸರ ಪರಿಶೀಲನೆ ಮತ್ತು ನೆಲದ ಪುನಶ್ಚೇತನ

ಭೂಮಿಯ ಮೇಲ್ಪದರವನ್ನು ತೆಗೆದುಹಾಕಿ ಅದರಡಿಯ ಕಲ್ಲಿದ್ದಲು, ಅದಿರು, ಕಲ್ಲು ಅಥವಾ ಖನಿಜ ಮರಳನ್ನು ಎತ್ತುವ ಕೆಲಸಕ್ಕೆ ತೆರೆದ ಗಣಿಗಾರಿಕೆ ಎನ್ನುತ್ತಾರೆ. ಇಂಥ ಗಣಿಗೆ ಪರವಾನಗಿ ಕೊಡುವ ಮುನ್ನ ಅದರಿಂದ ನೀರು, ಗಾಳಿ, ಬೆಳೆ ಮತ್ತು ಜನವಸತಿಗೆ ಏನಾಗುತ್ತದೆಂದು ಪರಿಶೀಲಿಸಬೇಕು, ಅಗೆತ ಮುಗಿದ ಮೇಲೆ ನೆಲವನ್ನು ಮತ್ತೆ ಬಳಕೆಗೆ ಬರುವಂತೆ ಮಾಡಿಸಬೇಕು ಎಂಬ ನಿಯಮ ಈಗ ಬಹುತೇಕ ದೇಶಗಳಲ್ಲಿದೆ. ಪೂರ್ವ ಆಫ್ರಿಕಾದ ಕೀನ್ಯಾದಲ್ಲಿ ಈ ನಿಯಮಗಳ ಕೇಂದ್ರ ರಾಜಧಾನಿ ನೈರೋಬಿ. ಪರಿಸರ ಪರವಾನಗಿ ನೀಡುವ ರಾಷ್ಟ್ರೀಯ ಪರಿಸರ ನಿರ್ವಹಣಾ ಪ್ರಾಧಿಕಾರ, ಆ ಪರವಾನಗಿಯನ್ನು ಪ್ರಶ್ನಿಸಬಹುದಾದ ರಾಷ್ಟ್ರೀಯ ಪರಿಸರ ನ್ಯಾಯಮಂಡಳಿ, ಗಣಿ ಸಚಿವಾಲಯ, ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಮುಖ್ಯ ಕಚೇರಿ ಎಲ್ಲವೂ ಇರುವುದು ಇಲ್ಲಿಯೇ. ಕೀನ್ಯಾದಲ್ಲಿ ಕಲ್ಲಿದ್ದಲಿನ ವಾಣಿಜ್ಯ ಗಣಿ ಇನ್ನೂ ಶುರುವಾಗಿಲ್ಲ. ಆದರೆ ಕಿಟುಯಿ ಜಿಲ್ಲೆಯ ಮುಯಿ ಕಣಿವೆಯಲ್ಲಿ ಪತ್ತೆಯಾದ ನಿಕ್ಷೇಪ, ಲಾಮು ತೀರದ ಉಷ್ಣ ವಿದ್ಯುತ್ ಯೋಜನೆ, ಕರಾವಳಿಯ ಸುಣ್ಣಕಲ್ಲು ಹಾಗೂ ಟೈಟಾನಿಯಂ ಗಣಿಗಳು ಮತ್ತು ನೈರೋಬಿ ಸುತ್ತಲಿನ ಕಲ್ಲುಕ್ವಾರಿಗಳು ಈ ನಿಯಮಗಳನ್ನು ಬೇರೆ ಬೇರೆ ರೀತಿಯಲ್ಲಿ ಒರೆಗೆ ಹಚ್ಚಿವೆ.

ಹಿನ್ನೆಲೆ

ಯೋಜನೆಗೆ ಒಪ್ಪಿಗೆ ಕೊಡುವ ಮೊದಲು ಅದರ ಪರಿಸರ ಪರಿಣಾಮವನ್ನು ಬರಹದಲ್ಲಿ ಒಪ್ಪಿಸಬೇಕೆಂಬ ಕಟ್ಟಳೆ ಮೊದಲು ಬಂದದ್ದು ಅಮೆರಿಕದಲ್ಲಿ. ಅಲ್ಲಿನ ರಾಷ್ಟ್ರೀಯ ಪರಿಸರ ನೀತಿ ಕಾಯ್ದೆಗೆ 1970ರ ಜನವರಿ 1ರಂದು ಸಹಿ ಬಿತ್ತು. 1972ರ ಸ್ಟಾಕ್‌ಹೋಮ್ ಸಮ್ಮೇಳನದ ಫಲವಾಗಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಹುಟ್ಟಿತು. ಅದರ ಮುಖ್ಯ ಕಚೇರಿ ನೈರೋಬಿಗೆ ಬಂತು. ವಿಶ್ವಸಂಸ್ಥೆಯ ಇಂಥ ಸಂಸ್ಥೆಯೊಂದು ಅಭಿವೃದ್ಧಿಶೀಲ ದೇಶದಲ್ಲಿ ಮುಖ್ಯ ಕಚೇರಿ ಹೂಡಿದ್ದು ಅದೇ ಮೊದಲು. ನಗರದ ಉತ್ತರಕ್ಕಿರುವ ಗಿಗಿರಿ ಬಡಾವಣೆಯ ಆ ಸಂಸ್ಥೆಯೇ 1987ರಲ್ಲಿ ಪರಿಸರ ಪರಿಣಾಮ ಅಧ್ಯಯನದ ಗುರಿ ಮತ್ತು ತತ್ತ್ವಗಳನ್ನು ಅಂಗೀಕರಿಸಿ, ಸದಸ್ಯ ದೇಶಗಳ ಮುಂದೆ ಒಂದು ಮಾದರಿ ಇಟ್ಟಿತು.

ಅಮೆರಿಕ ಕಲ್ಲಿದ್ದಲಿನ ತೆರೆದ ಗಣಿಗೆಂದೇ ಪ್ರತ್ಯೇಕ ಕಾನೂನನ್ನೂ ತಂದಿತು. 1977ರ ಆಗಸ್ಟ್ 3ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಆ ಕಾಯ್ದೆಯ ಪ್ರಕಾರ, ಗಣಿಯವರು ಮೇಲ್ಮಣ್ಣನ್ನು ಬೇರೆಯಾಗಿ ಕಾಪಾಡಬೇಕು, ಗುಂಡಿ ತುಂಬಿ ನೆಲವನ್ನು ಹೆಚ್ಚುಕಡಿಮೆ ಮೊದಲಿನ ಏರುತಗ್ಗಿಗೇ ತರಬೇಕು, ಹಸಿರು ಬೆಳೆಸಬೇಕು, ಇದೆಲ್ಲಕ್ಕೂ ಮೊದಲೇ ಭದ್ರತಾ ಠೇವಣಿ ಇಡಬೇಕು. ಠೇವಣಿ ಒಂದೇ ಸಲಕ್ಕೆ ವಾಪಸಾಗುವುದಿಲ್ಲ. ಗುಂಡಿ ತುಂಬಿ ನೆಲ ಸಮ ಮಾಡಿ ಕಾಲುವೆ ಸರಿಪಡಿಸಿದಾಗ ಹೆಚ್ಚೆಂದರೆ ಶೇ. 60 ಭಾಗ, ಹಸಿರು ಬೇರೂರಿದಾಗ ಮತ್ತೊಂದು ಭಾಗ, ಹೊಣೆಗಾರಿಕೆಯ ಅವಧಿ ಮುಗಿದ ಮೇಲೆ ಉಳಿದದ್ದು. ವರ್ಷಕ್ಕೆ 26 ಅಂಗುಲಕ್ಕಿಂತ ಹೆಚ್ಚು ಮಳೆಯಾಗುವಲ್ಲಿ ಈ ಅವಧಿ 5 ವರ್ಷ, ಅಷ್ಟು ಮಳೆಯಾಗದ ಕಡೆ 10 ವರ್ಷ. ಒಣನೆಲದಲ್ಲಿ ಹುಲ್ಲು ಮೊದಲ ಮಳೆಗೆ ಚಿಗುರಿ ಮರುವರ್ಷವೇ ಒಣಗಬಹುದು ಎಂಬ ಅನುಭವ ಈ ವ್ಯತ್ಯಾಸದ ಹಿಂದಿದೆ. ಮುಯಿಯಂಥ ಅರೆಶುಷ್ಕ ಕಣಿವೆಗೆ ಈ ಮಾತು ನೇರವಾಗಿ ಅನ್ವಯಿಸುತ್ತದೆ.

ಅಗೆತದ ವಿಧಾನ ಮತ್ತು ಅದರ ಪರಿಣಾಮ

ತೆರೆದ ಕಲ್ಲಿದ್ದಲು ಗಣಿಯಲ್ಲಿ ಮೊದಲು ಮರಗಿಡ ತೆಗೆದು, ಒಂದು ಮೊಳದಷ್ಟು ಆಳದ ಮೇಲ್ಮಣ್ಣನ್ನು ಕೆರೆದು ಬೇರೆಡೆ ರಾಶಿ ಹಾಕುತ್ತಾರೆ. ಬೀಜ, ಬೇರು, ಸೂಕ್ಷ್ಮಜೀವಿ, ಎರೆಹುಳು ಎಲ್ಲ ಇರುವುದು ಈ ಪದರದಲ್ಲೇ. ರಾಶಿ ತೀರ ಎತ್ತರವಾದರೆ ಅಥವಾ ವರ್ಷಗಟ್ಟಲೆ ಹಾಗೇ ಬಿದ್ದಿದ್ದರೆ ಒಳಗೆ ಗಾಳಿಯಾಡದೆ ಮಣ್ಣು ಸತ್ವ ಕಳೆದುಕೊಳ್ಳುತ್ತದೆ. ಅದರ ಕೆಳಗಿನ ಕಲ್ಲುಮಣ್ಣಿನ ಹೊರೆಯನ್ನು ಗಣಿಯವರು ಓವರ್‌ಬರ್ಡನ್ ಎನ್ನುತ್ತಾರೆ. ಅದನ್ನು ಕುಳಿ ಕೊರೆದು ಸಿಡಿಸಿ ಬೃಹತ್ ಯಂತ್ರಗಳಿಂದ ಎತ್ತಿಹಾಕುತ್ತಾರೆ. ಒಂದು ಟನ್ ಕಲ್ಲಿದ್ದಲಿಗೆ ಎಷ್ಟು ಹೊರೆ ಎತ್ತಬೇಕಾಗುತ್ತದೆ ಎಂಬ ಪ್ರಮಾಣದ ಮೇಲೆಯೇ ಗಣಿ ಲಾಭದಾಯಕವೋ ಅಲ್ಲವೋ ತೀರ್ಮಾನವಾಗುತ್ತದೆ. ಸರಿಯಾಗಿ ನಡೆಸಿದ ಗಣಿಯಲ್ಲಿ ಹೊಸ ಪಟ್ಟಿಯ ಹೊರೆ ಹಿಂದಿನ ಖಾಲಿ ಪಟ್ಟಿಗೆ ಬೀಳುತ್ತದೆ. ಅಗೆತವೂ ಮುಚ್ಚುವುದೂ ಒಂದರ ಬೆನ್ನಿಗೊಂದು ಸಾಗುತ್ತವೆ.

ಹಾನಿಗಳಲ್ಲಿ ಕಣ್ಣಿಗೆ ಬೀಳುವುದು ಗುಂಡಿ ಮತ್ತು ದಿಬ್ಬ. ನೀರಿಗೆ ಆಗುವ ಹಾನಿ ಕಾಣುವುದು ನಿಧಾನವಾಗಿ. ಕಲ್ಲಿದ್ದಲಿನ ಜತೆಗೆ ಸಿಗುವ ಪೈರೈಟ್ ಎಂಬ ಕಬ್ಬಿಣ-ಗಂಧಕದ ಖನಿಜ ಗಾಳಿ ಮತ್ತು ನೀರಿಗೆ ತೆರೆದುಕೊಂಡರೆ ಗಂಧಕಾಮ್ಲವಾಗಿ, ಮಣ್ಣಿನೊಳಗಿನ ಲೋಹಗಳನ್ನು ಕರಗಿಸಿ ಹಳ್ಳಕ್ಕೆ ಇಳಿಸುತ್ತದೆ. ಗಣಿ ನಿಂತು ಹತ್ತಾರು ವರ್ಷವಾದ ಮೇಲೂ ಈ ಸೋರಿಕೆ ಮುಂದುವರಿಯಬಹುದು. ಗಣಿಯೊಳಗಿನ ನೀರನ್ನು ಪಂಪಿನಿಂದ ಎತ್ತಿ ಹೊರಹಾಕುವಾಗ ಸುತ್ತಲಿನ ಬಾವಿಗಳ ಮಟ್ಟ ಇಳಿಯುತ್ತದೆ. ಹೀಗಾಗಿ ಪರಿಶೀಲನೆಯ ವರದಿಯಲ್ಲಿ ಅಂತರ್ಜಲದ ಅಧ್ಯಾಯವೇ ಬಹಳ ಸಲ ವಿವಾದದ ಕೇಂದ್ರವಾಗುತ್ತದೆ.

ಕೀನ್ಯಾದ ಕಾನೂನು ಚೌಕಟ್ಟು

2010ರ ಸಂವಿಧಾನ ಈ ಚೌಕಟ್ಟಿನ ತಳಪಾಯ. ಅದರ 42ನೇ ವಿಧಿ ಶುಚಿಯಾದ, ಆರೋಗ್ಯಕರ ಪರಿಸರವನ್ನು ಪ್ರತಿಯೊಬ್ಬರ ಹಕ್ಕೆಂದು ಸಾರುತ್ತದೆ. 69ನೇ ವಿಧಿ ಪರಿಸರ ಪರಿಣಾಮ ಅಧ್ಯಯನ, ಲೆಕ್ಕಪರಿಶೋಧನೆ ಮತ್ತು ಮೇಲ್ವಿಚಾರಣೆಯ ವ್ಯವಸ್ಥೆಯನ್ನು ಕಟ್ಟುವುದು ಸರ್ಕಾರದ ಕರ್ತವ್ಯ ಎನ್ನುತ್ತದೆ. 70ನೇ ವಿಧಿಯಂತೆ ಈ ಹಕ್ಕಿಗಾಗಿ ನ್ಯಾಯಾಲಯಕ್ಕೆ ಹೋಗುವವರು ತಮಗೇ ನಷ್ಟವಾಗಿದೆಯೆಂದು ತೋರಿಸಬೇಕಾಗಿಲ್ಲ.

ಸಂವಿಧಾನಕ್ಕಿಂತ ಹಳೆಯದು 1999ರ ಪರಿಸರ ನಿರ್ವಹಣೆ ಮತ್ತು ಸಮನ್ವಯ ಕಾಯ್ದೆ. 2000ದ ಜನವರಿಯಲ್ಲಿ ಜಾರಿಗೆ ಬಂದ ಈ ಕಾಯ್ದೆಯೇ ರಾಷ್ಟ್ರೀಯ ಪರಿಸರ ನಿರ್ವಹಣಾ ಪ್ರಾಧಿಕಾರವನ್ನು ಹುಟ್ಟುಹಾಕಿತು. ಇಂಗ್ಲಿಷ್ ಹೆಸರಿನ ಮೊದಲಕ್ಷರ ಕೂಡಿಸಿ ಜನ ಅದನ್ನು ನೆಮಾ ಎಂದೇ ಕರೆಯುತ್ತಾರೆ. ಕಾಯ್ದೆಯ 58ನೇ ಕಲಮಿನ ಪ್ರಕಾರ ಎರಡನೆಯ ಅನುಸೂಚಿಯಲ್ಲಿರುವ ಯಾವ ಯೋಜನೆಯೂ ಪರಿಸರ ಪರಿಣಾಮ ಪರವಾನಗಿ ಇಲ್ಲದೆ ಶುರುವಾಗುವಂತಿಲ್ಲ. ಮೂಲ ಅನುಸೂಚಿಯ ಗಣಿಗಾರಿಕೆಯ ಪಟ್ಟಿಯಲ್ಲಿ ಕಲ್ಲಿದ್ದಲು, ಲೋಹದ ಅದಿರು, ರತ್ನದ ಕಲ್ಲುಗಳ ಪಕ್ಕದಲ್ಲೇ ಸುಣ್ಣಕಲ್ಲು, ಕಟ್ಟಡದ ಕಲ್ಲು, ಜಲ್ಲಿ, ಮರಳು, ಜೇಡಿಮಣ್ಣೂ ಇದ್ದವು. ಹಾಗಾಗಿ ಮುಯಿಯ ಗಣಿಗೂ ಊರಾಚೆಯ ಜಲ್ಲಿ ಕ್ವಾರಿಗೂ ಬಾಗಿಲು ಒಂದೇ ಆಗಿತ್ತು. 2019ರ ತಿದ್ದುಪಡಿ ಯೋಜನೆಗಳನ್ನು ಕಡಿಮೆ, ಮಧ್ಯಮ ಮತ್ತು ಹೆಚ್ಚು ಅಪಾಯದವೆಂದು ವಿಂಗಡಿಸಿ ಪರಿಶೀಲನೆಯ ಆಳವನ್ನು ಅದಕ್ಕೆ ತಕ್ಕಂತೆ ಹೊಂದಿಸಿತು.

ಮೂರನೆಯದು 2016ರ ಗಣಿ ಕಾಯ್ದೆ. ವಸಾಹತು ಕಾಲದ 1940ರ ಕಾಯ್ದೆ ಅಲ್ಲಿಯವರೆಗೂ ನಡೆಯುತ್ತಿತ್ತು. ಹೊಸ ಕಾಯ್ದೆ ರಾಜಧನವನ್ನು ಹಂಚಿತು: ಶೇ. 70 ಕೇಂದ್ರ ಸರ್ಕಾರಕ್ಕೆ, ಶೇ. 20 ಜಿಲ್ಲಾ ಸರ್ಕಾರಕ್ಕೆ, ಶೇ. 10 ಗಣಿ ಇರುವ ಸ್ಥಳದ ಸಮುದಾಯಕ್ಕೆ. ಅದಕ್ಕಿಂತ ಮುಖ್ಯವಾಗಿ, ಪರಿಸರ ಪರವಾನಗಿ ಪಡೆಯದವರಿಗೆ, ಗಣಿ ಮುಚ್ಚುವ ಯೋಜನೆ ಒಪ್ಪಿಸದವರಿಗೆ ಗಣಿ ಪರವಾನಗಿ ಸಿಗುವಂತಿಲ್ಲ ಎಂದು ಕಟ್ಟು ಮಾಡಿತು.

ಪರಿಶೀಲನೆಯ ಹಂತಗಳು

ಪರಿಶೀಲನೆ ನಡೆಯಬೇಕಾದ ಕ್ರಮವನ್ನು 2003ರ ಪರಿಸರ ಪರಿಣಾಮ ಅಧ್ಯಯನ ಮತ್ತು ಲೆಕ್ಕಪರಿಶೋಧನಾ ನಿಯಮಗಳು ಹೇಳುತ್ತವೆ. ಯೋಜನೆ ಹೂಡುವವರು ಮೊದಲು ಅದರ ಸ್ವರೂಪವನ್ನು ನೆಮಾಕ್ಕೆ ತಿಳಿಸುತ್ತಾರೆ. ದೊಡ್ಡ ಗಣಿಯಾದರೆ ಪೂರ್ಣ ಅಧ್ಯಯನ ಬೇಕು. ಅಧ್ಯಯನದಲ್ಲಿ ಏನೇನು ಇರಬೇಕೆಂಬ ಕಾರ್ಯಸೂಚಿಗೆ ಮೊದಲು ಒಪ್ಪಿಗೆ ಪಡೆಯಬೇಕು. ಅಧ್ಯಯನ ಮಾಡುವವರು ನೆಮಾದಲ್ಲಿ ನೋಂದಾಯಿತ ತಜ್ಞರೇ ಆಗಿರಬೇಕು. ಆದರೆ ಅವರಿಗೆ ಸಂಬಳ ಕೊಡುವುದು ಯೋಜನೆಯವರೇ. ಕೀನ್ಯಾದಲ್ಲಷ್ಟೇ ಅಲ್ಲ, ಭಾರತದಲ್ಲೂ ಈ ವ್ಯವಸ್ಥೆಯ ಮೇಲಿರುವ ಮುಖ್ಯ ಆಕ್ಷೇಪ ಇದು.

ಜನರಿಗೆ ತಿಳಿಸುವ ಬಗೆಯನ್ನು ನಿಯಮಗಳು ವಿವರವಾಗಿಯೇ ಹೇಳಿವೆ. ಯೋಜನೆಯ ಜಾಗದ ಸುತ್ತಮುತ್ತ ಭಿತ್ತಿಪತ್ರ ಅಂಟಿಸಬೇಕು. ದೇಶದಾದ್ಯಂತ ಓದುವ ಪತ್ರಿಕೆಯಲ್ಲಿ ಸತತ ಎರಡು ವಾರ ಪ್ರಕಟಣೆ ಕೊಡಬೇಕು. ಅಧಿಕೃತ ಭಾಷೆಯಲ್ಲೂ ಸ್ಥಳೀಯ ಭಾಷೆಯಲ್ಲೂ ರೇಡಿಯೋದಲ್ಲಿ ಎರಡು ವಾರ, ವಾರಕ್ಕೊಮ್ಮೆಯಾದರೂ ಸಾರಬೇಕು. ಬಾಧಿತ ಜನರೊಂದಿಗೆ ಕನಿಷ್ಠ ಮೂರು ಸಭೆ ನಡೆಸಬೇಕು. ಹಳ್ಳಿಗಳಲ್ಲಿ ಈ ಸುದ್ದಿ ಹರಡುವುದು ಬರಾಝಾದಲ್ಲಿ. ಸ್ವಾಹಿಲಿಯಲ್ಲಿ ಬರಾಝಾ ಎಂದರೆ ಊರಿನ ಮುಖ್ಯಸ್ಥ ಬಯಲಲ್ಲಿ ಅಥವಾ ಮರದ ನೆರಳಲ್ಲಿ ಕರೆಯುವ ಸಭೆ. ನೂರಾರು ಪುಟದ ಇಂಗ್ಲಿಷ್ ವರದಿಯ ಸಾರ ಅಲ್ಲಿ ಕಾಂಬಾ, ಡಿಗೋ ಅಥವಾ ಸ್ವಾಹಿಲಿ ಮಾತಿನಲ್ಲಿ ಎಷ್ಟು ಉಳಿಯುತ್ತದೆ ಎಂಬುದು ಪರಿಶೀಲನೆಯ ನಿಜವಾದ ಪರೀಕ್ಷೆ.

ವರದಿ ಕೈಸೇರಿದ ಮೇಲೆ ನೆಮಾ ಅದನ್ನು ಸಂಬಂಧಪಟ್ಟ ಇಲಾಖೆಗಳಿಗೆ ಕಳಿಸಿ, ರಾಜಪತ್ರ ಮತ್ತು ಪತ್ರಿಕೆಯ ಮೂಲಕ ಜನರ ಅಭಿಪ್ರಾಯ ಕೇಳುತ್ತದೆ. ಬೇಕಾದರೆ ಬಹಿರಂಗ ವಿಚಾರಣೆ ನಡೆಸಿ ಮೂರು ತಿಂಗಳೊಳಗೆ ತೀರ್ಮಾನ ತಿಳಿಸಬೇಕು. ಪರವಾನಗಿ ಷರತ್ತುಗಳೊಂದಿಗೇ ಬರುತ್ತದೆ. ಕೆಲಸ ಶುರುವಾದ ಮೇಲೆ ಪ್ರತಿವರ್ಷ ಪರಿಸರ ಲೆಕ್ಕಪರಿಶೋಧನೆ ಕಡ್ಡಾಯ. ತೀರ್ಮಾನಕ್ಕೆ ತಕರಾರಿರುವವರು 60 ದಿನಗಳೊಳಗೆ ರಾಷ್ಟ್ರೀಯ ಪರಿಸರ ನ್ಯಾಯಮಂಡಳಿಗೆ ಮೇಲ್ಮನವಿ ಹಾಕಬಹುದು. ಅಲ್ಲಿಂದ ಮುಂದೆ ಪರಿಸರ ಮತ್ತು ಭೂ ನ್ಯಾಯಾಲಯ.

ಪುನಶ್ಚೇತನದ ಹೊಣೆ ಮತ್ತು ಭದ್ರತಾ ಠೇವಣಿ

ಗಣಿ ಕಾಯ್ದೆ ಪರವಾನಗಿದಾರನಿಂದ ಬಯಸುವುದು ಮುಖ್ಯವಾಗಿ ಮೂರು: ವಿಷಯುಕ್ತ ನೀರು ಹೊಳೆ-ಕೆರೆಗೆ ಇಳಿಯದಂತೆ ತಡೆಯಬೇಕು, ಸಿಡಿತದ ಕಂಪನವನ್ನು ಮಿತಿಯಲ್ಲಿಡಬೇಕು, ಅಗೆತ ಮುಗಿದ ಮೇಲೆ ನೆಲವನ್ನು ಮೊದಲಿನ ಸ್ಥಿತಿಗೆ, ಇಲ್ಲವೇ ಅದಕ್ಕೆ ಸಾಧ್ಯವಾದಷ್ಟು ಹತ್ತಿರದ ಒಪ್ಪತಕ್ಕ ಸ್ಥಿತಿಗೆ ತರಬೇಕು. ಕೊನೆಯ ಷರತ್ತಿನ ಎರಡು ಭಾಗಗಳ ನಡುವೆ ಸಾಕಷ್ಟು ಅಂತರವಿದೆ. ಜೋಳ, ಅಲಸಂದೆ ಬೆಳೆಯುತ್ತಿದ್ದ ಹೊಲ ಮತ್ತೆ ಹೊಲವೇ ಆಗಬೇಕೇ, ಮರ ನೆಟ್ಟ ದಿಬ್ಬವಾದರೆ ಸಾಕೇ, ನೀರು ನಿಂತ ಗುಂಡಿಯನ್ನು ಕೆರೆ ಎಂದು ಕರೆದರೆ ನಡೆದೀತೇ? ಇದು ಇತ್ಯರ್ಥವಾಗುವುದು ಗಣಿ ಮುಚ್ಚುವ ಯೋಜನೆಯಲ್ಲಿ. ಅದಕ್ಕೇ ಆ ಯೋಜನೆಯನ್ನು ಪರವಾನಗಿಗೆ ಮೊದಲೇ ಕೇಳುವುದು.

ಹಣದ ಭಾಗವೂ ಇದೇ ರೀತಿ. ಅರ್ಜಿದಾರರು ಪುನಶ್ಚೇತನದ ಖರ್ಚಿಗೆ ಸಾಲುವಷ್ಟು ಪರಿಸರ ಸಂರಕ್ಷಣಾ ಬಾಂಡ್ ಅಥವಾ ಬೇರೆ ಬಗೆಯ ಹಣಕಾಸಿನ ಭದ್ರತೆ ಒದಗಿಸಬೇಕು. ಕೆಲಸ ತೃಪ್ತಿಕರವಾಗಿ ಮುಗಿದರೆ ಅದು ವಾಪಸು. ಬಾಂಡಿನ ತರ್ಕ ಸರಳ. ಗಣಿಯ ಆದಾಯ ಬರುವುದು ಅಗೆಯುವಾಗ, ಮುಚ್ಚುವ ಖರ್ಚು ಬರುವುದು ಆದಾಯ ನಿಂತ ಮೇಲೆ. ಅಷ್ಟು ಹೊತ್ತಿಗೆ ಕಂಪನಿ ಕೈಬದಲಾಗಿರಬಹುದು, ದಿವಾಳಿಯಾಗಿರಬಹುದು, ದೇಶವನ್ನೇ ಬಿಟ್ಟಿರಬಹುದು. ಬಾಂಡಿನ ಮೊತ್ತ ನಿಜವಾದ ಖರ್ಚಿಗಿಂತ ಕಡಿಮೆಯಿದ್ದರೆ ಠೇವಣಿ ಬಿಟ್ಟುಹೋಗುವುದೇ ಅಗ್ಗವಾಗುತ್ತದೆ. ಹೀಗಾಗಿ ಬಾಂಡ್ ಇದೆಯೇ ಎನ್ನುವಷ್ಟೇ ಮುಖ್ಯ, ಅದನ್ನು ಕಾಲಕಾಲಕ್ಕೆ ಪರಿಷ್ಕರಿಸಿದ್ದಾರೆಯೇ ಎಂಬುದು. ಹಾನಿ ಆಗಿಹೋದ ಕಡೆ ಅದನ್ನು ಸರಿಪಡಿಸಲು ಆದೇಶಿಸುವ ಅಧಿಕಾರ ಪರಿಸರ ಕಾಯ್ದೆಯಲ್ಲಿ ಬೇರೆಯಾಗಿಯೇ ಇದೆ.

ಪ್ರಮುಖ ಪ್ರಕರಣಗಳು

ಮುಯಿ ಕಣಿವೆ: ನೈರೋಬಿಯ ಪೂರ್ವಕ್ಕೆ ಕಾಂಬಾ ಜನರ ನಾಡಾದ ಕಿಟುಯಿಯಲ್ಲಿ ಈ ಕಣಿವೆ ಇದೆ. 1999ರ ಹೊತ್ತಿಗೆ ಇಂಧನ ಸಚಿವಾಲಯ ಇಲ್ಲಿ ಕಲ್ಲಿದ್ದಲಿಗಾಗಿ ಕೊರೆತ ಆರಂಭಿಸಿತು. ಕಣಿವೆಯನ್ನು ಎ, ಬಿ, ಸಿ, ಡಿ ಎಂದು ನಾಲ್ಕು ಭಾಗ ಮಾಡಿದರು. ಸಿ ಭಾಗವೊಂದರಲ್ಲೇ ಸುಮಾರು 40 ಕೋಟಿ ಟನ್ ಕಲ್ಲಿದ್ದಲಿದೆ ಎಂದು ಸರ್ಕಾರ ಅಂದಾಜಿಸಿತು. ಸಿ ಮತ್ತು ಡಿ ಭಾಗಗಳು ಚೀನಾದ ಫೆನ್‌ಷಿ ಕಂಪನಿಯ ಪಾಲಾದವು. 2013ರ ಡಿಸೆಂಬರಿನಲ್ಲಿ ಲಾಭ ಹಂಚಿಕೆಯ ಒಪ್ಪಂದಕ್ಕೆ ಸಹಿಯಾಯಿತು. ತಮ್ಮನ್ನು ಸರಿಯಾಗಿ ಕೇಳಿಲ್ಲವೆಂದು ಸ್ಥಳೀಯರು ಹೈಕೋರ್ಟಿಗೆ ಹೋದರು. 2015ರಲ್ಲಿ ತ್ರಿಸದಸ್ಯ ಪೀಠ ಅರ್ಜಿಗಳನ್ನು ಒಪ್ಪಲಿಲ್ಲ. ಆದರೆ ಜನರ ಪಾಲ್ಗೊಳ್ಳುವಿಕೆ ಹೇಗಿರಬೇಕೆಂದು ಅದೇ ತೀರ್ಪಿನಲ್ಲಿ ವಿವರಿಸಿತು: ಮಾಹಿತಿ ಸಕಾಲದಲ್ಲಿ ಸಿಗಬೇಕು, ಯಾರನ್ನೂ ಬೇಕೆಂದೇ ಹೊರಗಿಡಬಾರದು, ಹೆಚ್ಚು ಬಾಧಿತರ ಮಾತಿಗೆ ಹೆಚ್ಚು ತೂಕವಿರಬೇಕು, ಆದರೂ ಅದು ಯೋಜನೆಯನ್ನು ತಡೆಯುವ ಪರಮಾಧಿಕಾರವಲ್ಲ. ದಾವೆ ಸೋತವರಿಗೆ ಸಿಕ್ಕ ಈ ಸೂತ್ರಗಳನ್ನು ಮುಂದಿನ ಅನೇಕ ಪ್ರಕರಣಗಳಲ್ಲಿ ಉಲ್ಲೇಖಿಸಲಾಗಿದೆ.

ಲಾಮು: ಮುಯಿಯ ಕಲ್ಲಿದ್ದಲಿಗೆ ಮುಂದೆ ಗಿರಾಕಿಯಾಗಬೇಕಿದ್ದದ್ದು ಹಿಂದೂ ಮಹಾಸಾಗರದ ತೀರದ ಲಾಮುವಿನಲ್ಲಿ ಯೋಜಿಸಿದ್ದ 1,050 ಮೆಗಾವಾಟ್ ಸ್ಥಾವರ. ಆರಂಭದಲ್ಲಿ ಹೊರದೇಶದ ಕಲ್ಲಿದ್ದಲು, ಆಮೇಲೆ ಮುಯಿಯದು ಎಂಬುದು ಲೆಕ್ಕಾಚಾರ. 2016ರ ಸೆಪ್ಟೆಂಬರಿನಲ್ಲಿ ನೆಮಾ ಪರವಾನಗಿ ಕೊಟ್ಟಿತು. ಲಾಮು ಹಳೆಯ ಪಟ್ಟಣ 2001ರಿಂದ ಯುನೆಸ್ಕೋ ವಿಶ್ವ ಪರಂಪರೆಯ ತಾಣ. ಅಲ್ಲಿನ ನಿವಾಸಿಗಳ ಸಂಘಟನೆ ಪರಿಸರ ನ್ಯಾಯಮಂಡಳಿಗೆ ಮೇಲ್ಮನವಿ ಹಾಕಿತು. 2019ರ ಜೂನ್ 26ರಂದು ಮಂಡಳಿ ಪರವಾನಗಿಯನ್ನು ರದ್ದುಪಡಿಸಿತು. ಸಭೆಗಳು ನಡೆದದ್ದು ಅಧ್ಯಯನಕ್ಕೆ ಮುಂಚೆ, ಪರಿಚಯದ ಮಟ್ಟದಲ್ಲಿ. ಅಧ್ಯಯನ ಏನು ಕಂಡುಕೊಂಡಿತು ಎಂಬುದನ್ನು ಮತ್ತೆ ಜನರ ಮುಂದೆ ಇಡಲಿಲ್ಲ ಎಂಬುದು ಮುಖ್ಯ ಕಾರಣ. 2016ರ ಹವಾಮಾನ ಬದಲಾವಣೆ ಕಾಯ್ದೆಯನ್ನು ಗಣನೆಗೆ ತೆಗೆದುಕೊಳ್ಳದಿರುವುದು ಇನ್ನೊಂದು. 2025ರಲ್ಲಿ ಮಾಲಿಂದಿಯ ಪರಿಸರ ಮತ್ತು ಭೂ ನ್ಯಾಯಾಲಯ ಈ ತೀರ್ಪನ್ನು ಎತ್ತಿಹಿಡಿಯಿತು.

ಮ್ರಿಮಾ ಬೆಟ್ಟ: ಕ್ವಾಲೆ ಜಿಲ್ಲೆಯ ಈ ಬೆಟ್ಟ ಡಿಗೋ ಜನರಿಗೆ ಪವಿತ್ರವಾದ, ರಕ್ಷಿತ ಅರಣ್ಯ. ನಮ್ಮ ದೇವರಕಾಡುಗಳಿಗೆ ಹೋಲಿಸಬಹುದಾದ ತಾಣ. ಇದರಡಿ ನಿಯೋಬಿಯಂ ಮತ್ತು ವಿರಳ ಭೂಧಾತುಗಳಿವೆ. 2013ರಲ್ಲಿ ಕಾರ್ಟೆಕ್ ಕಂಪನಿಗೆ ಸಿಕ್ಕ ಗಣಿ ಪರವಾನಗಿಯನ್ನು ಸರ್ಕಾರ ಅದೇ ವರ್ಷ ಹಿಂತೆಗೆದುಕೊಂಡಿತು. ಕಂಪನಿ ವಿಶ್ವಬ್ಯಾಂಕ್ ಸಮೂಹದ ಹೂಡಿಕೆ ವ್ಯಾಜ್ಯ ಕೇಂದ್ರದಲ್ಲಿ ಪರಿಹಾರ ಕೇಳಿತು. 2018ರ ಅಕ್ಟೋಬರಿನಲ್ಲಿ ಆ ಮಧ್ಯಸ್ಥಿಕೆ ಮಂಡಳಿ ಕೀನ್ಯಾದ ಪರವಾಗಿ ತೀರ್ಮಾನಿಸಿತು. ಪರಿಸರ ಪರವಾನಗಿಯಿಲ್ಲದೆ, ಕಾನೂನಿನ ಅಗತ್ಯಗಳನ್ನು ಪೂರೈಸದೆ ಪಡೆದ ಗಣಿ ಪರವಾನಗಿ ಅಂತರರಾಷ್ಟ್ರೀಯ ಹೂಡಿಕೆ ಒಪ್ಪಂದದ ರಕ್ಷಣೆಗೆ ಅರ್ಹವಾದ ಹೂಡಿಕೆಯೇ ಅಲ್ಲ ಎಂಬುದು ಅದರ ಸಾರ.

ನೆಲದ ಮೇಲಿನ ನಿದರ್ಶನಗಳು

ಬಂಬೂರಿ: ಮೊಂಬಾಸಾ ಬಳಿ ಸಿಮೆಂಟ್ ಕಾರ್ಖಾನೆಗಾಗಿ 1950ರ ದಶಕದಿಂದ ಹವಳದ ಸುಣ್ಣಕಲ್ಲನ್ನು ಅಗೆದ ಜಾಗ ಒಂದು ಎಲೆಯೂ ಇಲ್ಲದ ಬಿಳಿ ಬಟಾಬಯಲಾಗಿತ್ತು. ತಳದಲ್ಲಿ ಸವುಳು ನೀರು, ಮೇಲೆ ಕಾದ ಕಲ್ಲು. ಕಂಪನಿಯ ಸ್ವಿಸ್ ಕೃಷಿತಜ್ಞ ರೆನೆ ಹಾಲರ್ 1971ರಲ್ಲಿ ಇಲ್ಲಿ 26 ಜಾತಿಯ ಸಸಿಗಳನ್ನು ನೆಟ್ಟು ನೋಡಿದರು. ಬದುಕಿದ್ದು ಮೂರೇ: ತೆಂಗು, ಕೊನೊಕಾರ್ಪಸ್ ಮತ್ತು ನಮ್ಮ ಕರಾವಳಿಯಲ್ಲಿ ಗಾಳಿ ಮರ ಎನ್ನುವ ಕ್ಯಾಶುರಿನಾ. ಗಾಳಿ ಮರದ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತವೆ. ಆದ್ದರಿಂದ ಮಣ್ಣಿಲ್ಲದಲ್ಲೂ ಅದು ಎದ್ದು ನಿಂತಿತು. ಆದರೆ ಉದುರಿದ ಸೂಜಿಯೆಲೆಗಳು ಕೊಳೆಯದೆ ಚಾಪೆಯಂತೆ ಬಿದ್ದಿದ್ದವು. ಅವುಗಳಲ್ಲಿನ ಟ್ಯಾನಿನ್ ಕೊಳೆಯಿಸುವ ಜೀವಿಗಳನ್ನು ದೂರವಿಟ್ಟಿತ್ತು. ಆಗ ಹಾಲರ್ ಆ ಪ್ರದೇಶದಲ್ಲೇ ಸಿಗುವ ಕೆಂಪು ಕಾಲಿನ ಸಹಸ್ರಪದಿಗಳನ್ನು ತಂದು ಬಿಟ್ಟರು. ಬೆರಳುದ್ದದ ಈ ಹುಳುಗಳು ಒಣ ಎಲೆಯನ್ನು ಅಗಿದು ಹಿಕ್ಕೆಯಾಗಿ ಹಾಕತೊಡಗಿದ ಮೇಲೆ ಅದರ ಮೇಲೆ ಬ್ಯಾಕ್ಟೀರಿಯಾ ಕೆಲಸ ಮಾಡಿತು. ಕಲ್ಲಿನ ಮೇಲೆ ಮೊದಲ ಬಾರಿ ಕಪ್ಪು ಮಣ್ಣು ಕಾಣಿಸಿತು. ಆಮೇಲೆ ಬೇರೆ ಮರಗಳು, ಮೀನಿನ ಕೊಳ, ನೀರಾನೆ, ಜಿರಾಫೆ ಬಂದವು. ಈಗ ಇದು ಹಾಲರ್ ಪಾರ್ಕ್ ಎಂಬ ಪ್ರವಾಸಿ ತಾಣ. ಇದನ್ನು ಮಾಡಿಸಿದ ಕಾನೂನು ಆಗ ಇರಲಿಲ್ಲ. ಪರಿಸರ ಕಾಯ್ದೆ ಬಂದದ್ದು 28 ವರ್ಷಗಳ ನಂತರ. ಇಲ್ಲಿ ಎದ್ದದ್ದು ಮೊದಲಿದ್ದ ಪೊದೆಕಾಡಲ್ಲ, ಹೊಸದೊಂದು ವನ. ಒಪ್ಪತಕ್ಕ ಸ್ಥಿತಿ ಎಂದರೇನು ಎಂಬ ಚರ್ಚೆಯಲ್ಲಿ ಬಂಬೂರಿಯ ಹೆಸರು ಬರುವುದು ಇದಕ್ಕೇ.

ಕ್ವಾಲೆ: ಮೊಂಬಾಸಾದ ದಕ್ಷಿಣಕ್ಕೆ ಬೇಸ್ ಟೈಟಾನಿಯಂ ಕಂಪನಿ ಇಲ್ಮನೈಟ್, ರುಟೈಲ್ ಮತ್ತು ಜಿರ್ಕಾನ್ ಬೆರೆತ ಮರಳನ್ನು ಅಗೆದು, 2014ರಿಂದ ಹಡಗಿನಲ್ಲಿ ಕಳಿಸುತ್ತಿತ್ತು. ಅದಿರು ಮುಗಿದು 2024ರ ಡಿಸೆಂಬರಿನಲ್ಲಿ ಗಣಿ ನಿಂತಿತು. ಭಾರದ ಖನಿಜ ತೆಗೆದ ಮೇಲೆ ಉಳಿದ ಮರಳನ್ನು ಗುಂಡಿಗೇ ಮರಳಿಸಿ, ಮೇಲ್ಮಣ್ಣು ಹರಡಿ, ಸ್ಥಳೀಯ ಜಾತಿಯ ಸಸಿಗಳನ್ನು ತನ್ನದೇ ನರ್ಸರಿಯಲ್ಲಿ ಬೆಳೆಸಿ ನೆಡುವ ಕೆಲಸವನ್ನು ಕಂಪನಿ ಅಗೆತ ನಡೆದಿದ್ದಾಗಲೇ ಆರಂಭಿಸಿತ್ತು. ಹೊಸ ಕಾಯ್ದೆಯ ಕಾಲದಲ್ಲಿ ಮುಚ್ಚುವ ಹಂತಕ್ಕೆ ಬಂದ ದೊಡ್ಡ ಗಣಿ ಇದು. ನೆಲ ಮುಂದೆ ಯಾವ ಬಳಕೆಗೆ, ಯಾರ ಕೈಗೆ ಎಂಬ ಪ್ರಶ್ನೆ ಇಲ್ಲಿ ಸಸಿ ನೆಡುವುದಕ್ಕಿಂತ ಕಠಿಣವಾಗಿ ಕಂಡಿದೆ.

ನೈರೋಬಿಯ ಕ್ವಾರಿಗಳು: ನಗರ ನಿಂತಿರುವುದು ಜ್ವಾಲಾಮುಖಿಯ ಕಲ್ಲಿನ ಮೇಲೆ. ಬೂದಿ ಗಟ್ಟಿಯಾದ ಟಫ್ ಕಲ್ಲು ಗೋಡೆಗೆ, ನೀಲಿಗಪ್ಪು ಫೋನೊಲೈಟ್ ಜಲ್ಲಿಗೆ. ಜುಜಾ ಬಳಿಯ ಎಂಡರುಗೊದಲ್ಲಿ ಹಳಿಗಳ ಮೇಲೆ ಓಡುವ ದುಂಡು ಗರಗಸ ಬಂಡೆಯ ಮೈಯನ್ನು ಉದ್ದಕ್ಕೂ ಅಡ್ಡಕ್ಕೂ ಸೀಳುತ್ತದೆ. ಬಿಲ್ಲೆಯಂತೆ ಬಿಡಿಸಿಕೊಳ್ಳುವ ಈ ಕಲ್ಲಿಗೆ ಮಾರುಕಟ್ಟೆಯಲ್ಲಿ ಮೆಷಿನ್ ಕಟ್ ಎಂದೇ ಹೆಸರು. ಒಂಬತ್ತು ಅಂಗುಲ, ಆರು ಅಂಗುಲದ ಅಳತೆಯಲ್ಲಿ ಅಡಿಗಿಷ್ಟು ಎಂದು ವ್ಯಾಪಾರ. ನಗರದ ಮಹಡಿಗಳು ಏರಿದಷ್ಟೂ ಸುತ್ತಲಿನ ಗುಂಡಿಗಳು ಆಳವಾಗಿವೆ. ಕೈಬಿಟ್ಟ ಗುಂಡಿಗಳಲ್ಲಿ ಮಳೆಗಾಲದಲ್ಲಿ ನೀರು ನಿಲ್ಲುತ್ತದೆ. ಬೇಲಿಯಿಲ್ಲದ ಕಡೆ ಅದು ಮಕ್ಕಳ ಜೀವಕ್ಕೆ ಎರವಾಗುತ್ತದೆ.

ಮುಚ್ಚುವ ಯೋಜನೆಯಿಲ್ಲದ ಗುಂಡಿ ಏನಾಗುತ್ತದೆ ಎಂಬುದಕ್ಕೆ ನಗರದ ಪೂರ್ವದ ಡಂಡೋರಾ ಸಾಕ್ಷಿ. ಹಳೆಯ ಕಲ್ಲುಕ್ವಾರಿಯನ್ನು 1970ರ ದಶಕದ ಮಧ್ಯದಲ್ಲಿ ಕಸ ಸುರಿಯಲು ಬಳಸತೊಡಗಿದರು. ಸುಮಾರು 30 ಎಕರೆಯ ಆ ಜಾಗ ತುಂಬಿದೆಯೆಂದು 2001ರಲ್ಲೇ ಘೋಷಿಸಿದರೂ ಕಸ ಬರುವುದು ನಿಲ್ಲಲಿಲ್ಲ. ಗುಂಡಿ ಗುಡ್ಡವಾಯಿತು. ಪಕ್ಕದಲ್ಲೇ ನೈರೋಬಿ ನದಿ ಹರಿಯುತ್ತದೆ. 2007ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಮಾಡಿಸಿದ ಅಧ್ಯಯನ ಸುತ್ತಲಿನ 328 ಮಕ್ಕಳನ್ನು ಪರೀಕ್ಷಿಸಿತು. ಅವರಲ್ಲಿ ಅರ್ಧದಷ್ಟು ಮಕ್ಕಳ ರಕ್ತದಲ್ಲಿ ಸೀಸದ ಪ್ರಮಾಣ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚಿತ್ತು. ಅಧ್ಯಯನ ಮಾಡಿಸಿದ ಕಚೇರಿಯೂ ಆ ಕಸದ ಗುಡ್ಡವೂ ಒಂದೇ ನಗರದಲ್ಲಿವೆ.

ಕರ್ನಾಟಕದೊಂದಿಗೆ ಹೋಲಿಕೆ

ಕರ್ನಾಟಕದಲ್ಲೂ ಕಲ್ಲಿದ್ದಲು ಗಣಿಯಿಲ್ಲ. ರಾಯಚೂರಿನ ಸ್ಥಾವರ ಉರಿಯುವುದು ಹೊರರಾಜ್ಯದ ಕಲ್ಲಿದ್ದಲಿನಿಂದ. ಆದರೆ ಕಬ್ಬಿಣದ ಅದಿರಿನ ತೆರೆದ ಗಣಿಯ ಅನುಭವ ದೊಡ್ಡದು. ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂದ 2011ರ ಜುಲೈನಲ್ಲೇ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತು. ಗುತ್ತಿಗೆಗಳನ್ನು ಅಕ್ರಮದ ಪ್ರಮಾಣಕ್ಕೆ ತಕ್ಕಂತೆ ಎ, ಬಿ, ಸಿ ಎಂದು ವಿಂಗಡಿಸಲಾಯಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಸಿ ವರ್ಗದ ಗುತ್ತಿಗೆಗಳು ರದ್ದಾದವು. ಉಳಿದವು ಪುನಶ್ಚೇತನ ಯೋಜನೆಗಳಿಗೆ ಒಳಪಟ್ಟು ಮತ್ತೆ ಅಗೆಯಬೇಕಾಯಿತು: ದಿಬ್ಬ ಕುಸಿಯದಂತೆ ಮೆಟ್ಟಿಲು ಕಟ್ಟುವುದು, ಹಳ್ಳಕ್ಕೆ ತಡೆಗೋಡೆ, ಹೂಳು ತಡೆಯುವ ಕೊಳ. ಸಂಡೂರಿನ ಕೆಂಪು ದೂಳು ಕಂಡವರಿಗೆ ಈ ಪಟ್ಟಿಯ ಒಂದೊಂದು ಸಾಲಿನ ಅರ್ಥವೂ ಗೊತ್ತು. ಅಲ್ಲಿ ಪುನಶ್ಚೇತನ ಬಂದದ್ದು ಹಾನಿಯಾದ ಮೇಲೆ, ನ್ಯಾಯಾಲಯದ ಬಲದಿಂದ.

ಭಾರತದ ಕಲ್ಲಿದ್ದಲು ಗಣಿಗಳಿಗೆ 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಧಿಸೂಚನೆ ಅನ್ವಯಿಸುತ್ತದೆ. ಗಣಿ ಮುಚ್ಚುವ ಖರ್ಚಿಗಾಗಿ ಕಲ್ಲಿದ್ದಲು ಸಚಿವಾಲಯ 2009ರಲ್ಲಿ ತಂದ ಮಾರ್ಗಸೂಚಿ ತೆರೆದ ಗಣಿಗೆ ಹೆಕ್ಟೇರಿಗೆ 6 ಲಕ್ಷ ರೂಪಾಯಿ ಎಂದು ಲೆಕ್ಕ ಹಾಕಿ, ಆ ಹಣವನ್ನು ವರ್ಷವರ್ಷ ಎಸ್ಕ್ರೋ ಖಾತೆಯಲ್ಲಿ ಇಡಬೇಕೆಂದಿತು. ಕೀನ್ಯಾದ ಬಾಂಡ್, ಅಮೆರಿಕದ ಕಂತಿನ ಠೇವಣಿ, ಭಾರತದ ಎಸ್ಕ್ರೋ ಖಾತೆಗಳ ರೀತಿ ಬೇರೆಯಾದರೂ ಅವು ಕಾಯುವುದು ಒಂದೇ ದಿನಕ್ಕೆ: ಕೊನೆಯ ಲಾರಿ ಹೊರಟ ಮರುದಿನಕ್ಕೆ.

ಸದ್ಯದ ಸ್ಥಿತಿ

ಕೀನ್ಯಾದ ವಿದ್ಯುತ್ತಿನ ಬಹುಪಾಲು ಈಗ ಓಲ್ಕಾರಿಯಾದ ಭೂಶಾಖ, ಜಲವಿದ್ಯುತ್ ಮತ್ತು ಗಾಳಿಯಿಂದ ಬರುತ್ತದೆ. ಹೀಗಾಗಿ ಕಲ್ಲಿದ್ದಲಿನ ಅಗತ್ಯದ ಬಗ್ಗೆಯೇ ಅಲ್ಲಿ ವಾದವಿದೆ. ಕಾನೂನಿನ ಅಕ್ಷರದಲ್ಲಿ ಪರಿಶೀಲನೆ, ಸಭೆ, ಮುಚ್ಚುವ ಯೋಜನೆ, ಬಾಂಡ್ ಎಲ್ಲವೂ ಇವೆ. ತಪಾಸಣೆಗೆ ಬೇಕಾದ ಸಿಬ್ಬಂದಿ, ಬಾಂಡಿನ ಸರಿಯಾದ ಲೆಕ್ಕ ಮತ್ತು ಚಿಕ್ಕ ಕ್ವಾರಿಗಳ ಮೇಲಿನ ನಿಗಾ ಇಂದಿಗೂ ಅದರ ದುರ್ಬಲ ಭಾಗಗಳು. ಡಂಡೋರಾದ ಗುಂಡಿಯಲ್ಲಿ ಷರತ್ತು ಹಾಕುವ ಕಾಲ ಎಂದೋ ಕಳೆಯಿತು. ಬಂಬೂರಿಯಲ್ಲಿ ಒಬ್ಬರ ಹಟ ಷರತ್ತಿನ ಜಾಗ ತುಂಬಿತು. ಮುಯಿ ಕಣಿವೆಯಲ್ಲಿ ರೈತರು ಈಗಲೂ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಕಿರುಮಳೆ ನಂಬಿ ಬಿತ್ತುತ್ತಾರೆ. ಅಲ್ಲಿನ ಮೇಲ್ಮಣ್ಣು ಇನ್ನೂ ಸ್ಥಳ ಬಿಟ್ಟು ಕದಲಿಲ್ಲ. ಅದನ್ನು ಎಲ್ಲಿ ಇಡಬೇಕು, ಎಷ್ಟು ವರ್ಷಕ್ಕೆ ವಾಪಸು ತರಬೇಕು, ಅದಕ್ಕೆ ಯಾರ ಹಣ ಎಂಬುದನ್ನು ಮೊದಲ ಗುದ್ದಲಿ ಬೀಳುವ ಮುನ್ನವೇ ಬರೆದಿಡಲು ಅಲ್ಲಿ ಅವಕಾಶವಿದೆ.